ಬೆಕ್ಕನ್ನು ಎತ್ತಿ ಮುದ್ದು ಮಾಡುವುದು ಹೇಗೆ: ಕೊಸರದೆ ಕೈಯಲ್ಲಿ ಉಳಿಯುವಂತೆ ರೂಢಿ ಮಾಡಿಸುವ ಸಮಗ್ರ ಮಾರ್ಗದರ್ಶಿ

ಬೆಕ್ಕು ಇಡೀ ದಿನ ನಿಮ್ಮ ಹಿಂದೆ ಮುಂದೆ ಸುತ್ತುತ್ತದೆ, ಕಾಲಿಗೆ ಮೈ ಉಜ್ಜುತ್ತದೆ, ರಾತ್ರಿ ಬಂದು ಪಕ್ಕದಲ್ಲೇ ಮಲಗುತ್ತದೆ. ಎತ್ತಿಕೊಂಡರೆ ಮಾತ್ರ ಕೊಸರಾಡಿ, ಎದೆಗೆ ಒದ್ದು, ಜಿಗಿದು ಓಡುತ್ತದೆ. "ಇದಕ್ಕೆ ನನ್ನ ಮೇಲೆ ಪ್ರೀತಿನೇ ಇಲ್ಲ" ಅಂತ ಬೇಜಾರು ಮಾಡಿಕೊಳ್ಳುವವರು ಬಹಳ ಜನ. ಬೇಜಾರು ಬೇಡ. ಪ್ರೀತಿ ಬೇರೆ, ಎತ್ತಿಸಿಕೊಳ್ಳುವುದು ಬೇರೆ.

ಬೆಕ್ಕುಗಳು ತಮ್ಮತಮ್ಮಲ್ಲಿ ಸಲಿಗೆ ತೋರಿಸುವ ರೀತಿ ನೋಡಿ. ತಲೆಗೆ ತಲೆ ಉಜ್ಜುತ್ತವೆ, ಒಂದರ ಕಿವಿ ಕತ್ತು ಇನ್ನೊಂದು ನೆಕ್ಕುತ್ತದೆ, ಒತ್ತಿಕೊಂಡು ಮಲಗುತ್ತವೆ. ಗಟ್ಟಿಯಾಗಿ ಹಿಡಿದುಕೊಳ್ಳುವುದು, ನೆಲದಿಂದ ಮೇಲೆತ್ತುವುದು ಇವೆಲ್ಲ ಅವುಗಳ ಬದುಕಿನಲ್ಲಿ ಬರುವುದು ತಾಯಿ ಎಳೆಯ ಮರಿಯನ್ನು ಕಚ್ಚಿಕೊಂಡು ಜಾಗ ಬದಲಿಸುವಾಗ, ಬಿಟ್ಟರೆ ಜಗಳದಲ್ಲೋ ಬೇಟೆಯಲ್ಲೋ ಸಿಕ್ಕಿಬಿದ್ದಾಗ. ಬೆಕ್ಕು ಬೇಟೆಯಾಡುವ ಪ್ರಾಣಿ ನಿಜ, ಆದರೆ ದೊಡ್ಡ ಪ್ರಾಣಿಗಳಿಗೆ ತಾನೇ ಬೇಟೆಯಾಗುವಷ್ಟು ಸಣ್ಣದೂ ಹೌದು. ಹಾಗಾಗಿ ಕಾಲು ನೆಲ ಬಿಟ್ಟ ಕೂಡಲೇ ಅದು ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತದೆ. ಬೇಕೆಂದಾಗ ಬಿಡುತ್ತಾರೆ ಅಂತ ಅದಕ್ಕೆ ಗೊತ್ತಿದ್ದರೆ ಹುಡುಕುವುದನ್ನು ನಿಲ್ಲಿಸುತ್ತದೆ, ಕೈಯಲ್ಲಿ ಉಳಿಯುತ್ತದೆ. ಕೆಳಗೆ ಹೇಳಿರುವ ಹಂತಗಳೆಲ್ಲ ಇಷ್ಟನ್ನು ಬೆಕ್ಕಿಗೆ ನಂಬಿಸುವುದಕ್ಕೇ.

ಹಂತ 1: ನಿಮ್ಮ ಬೆಕ್ಕು ಎಂಥದ್ದು ಅಂತ ಮೊದಲು ತಿಳಿದುಕೊಳ್ಳಿ

ಮರಿ ಹುಟ್ಟಿದ 2ನೇ ವಾರದಿಂದ 7ನೇ ವಾರದವರೆಗಿನ ಕಾಲ ಬಹಳ ಮುಖ್ಯ. ಆಗ ಮನುಷ್ಯರ ಕೈಯಲ್ಲಿ ಆಡಿದ ಮರಿ ಮುಂದೆ ಮನುಷ್ಯರಿಗೆ ಸುಲಭವಾಗಿ ಒಗ್ಗುತ್ತದೆ. 1980ರ ದಶಕದಲ್ಲಿ ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಶ್ ಇದನ್ನು ಪರೀಕ್ಷೆ ಮಾಡಿ ನೋಡಿದರು. ದಿನಕ್ಕೆ 40 ನಿಮಿಷ ಕೈಯಲ್ಲಿ ಬೆಳೆದ ಮರಿಗಳು 15 ನಿಮಿಷ ಬೆಳೆದವಕ್ಕಿಂತ ಎತ್ತಿಕೊಂಡಾಗ ಜಾಸ್ತಿ ಹೊತ್ತು ಸಮಾಧಾನವಾಗಿ ಉಳಿದವು. ಅಪ್ಪನ ಗುಣವೂ ಬರುತ್ತದೆ. ಮರಿಗಳನ್ನು ಬೆಳೆಸುವುದರಲ್ಲಿ ಗಂಡು ಬೆಕ್ಕಿನ ಪಾಲು ಏನೂ ಇಲ್ಲದಿದ್ದರೂ, ಧೈರ್ಯದ, ಸ್ನೇಹದ ಸ್ವಭಾವದ ಗಂಡಿಗೆ ಹುಟ್ಟಿದ ಮರಿಗಳು ಹೊಸಬರ ಹತ್ತಿರ ಬೇಗ ಬರುತ್ತವೆ ಅಂತ 1995ರಲ್ಲಿ ಪ್ರಕಟವಾದ ಸಾಂಡ್ರಾ ಮೆಕ್ಯೂನ್ ಅವರ ಅಧ್ಯಯನ ತೋರಿಸಿತು.

ಇನ್ನು ತಳಿ. ರ‍್ಯಾಗ್‌ಡಾಲ್ ಅನ್ನುವ ತಳಿಗೆ ಆ ಹೆಸರು ಬಂದಿದ್ದೇ ಎತ್ತಿದಾಗ ಬಟ್ಟೆಯ ಗೊಂಬೆ ತರಹ ಮೈ ಸಡಿಲ ಬಿಡುತ್ತದೆ ಅಂತ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಆನ್ ಬೇಕರ್ ಅದನ್ನು ಬೆಳೆಸಿದರು. ಆದರೆ ಹೆಸರು ನೋಡಿ ನಂಬಬೇಡಿ, ಕೊಸರಾಡುವ ರ‍್ಯಾಗ್‌ಡಾಲ್‌ಗಳೂ ಇವೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಬೀದಿಯಲ್ಲಿ ಬೆಳೆದು ದೊಡ್ಡದಾದ ಮೇಲೆ ನಿಮ್ಮ ಮನೆಗೆ ಬಂದ ಬೆಕ್ಕಿನಿಂದ ಅರ್ಧ ಗಂಟೆ ಎದೆಯ ಮೇಲೆ ಒರಗಿ ಕೂರುವುದನ್ನು ನಿರೀಕ್ಷಿಸುವುದು ಅದಕ್ಕೂ ಕಷ್ಟ, ನಿಮಗೂ ನಿರಾಸೆ. ಅದು ಒಂದು ನಿಮಿಷ ಕೈಯಲ್ಲಿ ನಿಂತರೆ ಅದೇ ದೊಡ್ಡದು.

ಹಂತ 2: ನೀವು ಹೋಗಬೇಡಿ, ಅದು ಬರಲಿ

ಸ್ವಿಟ್ಜರ್ಲೆಂಡ್‌ನಲ್ಲಿ ಡೆನಿಸ್ ಟರ್ನರ್ ಮತ್ತು ಅವರ ಜೊತೆಗಾರರು ಮನೆಗಳಲ್ಲಿ ಜನ ಮತ್ತು ಬೆಕ್ಕುಗಳ ಒಡನಾಟವನ್ನು ಕೂತು ಗಮನಿಸಿದಾಗ ಕಂಡದ್ದು ಇದು: ಮನುಷ್ಯ ತಾನಾಗಿ ಶುರು ಮಾಡಿದ ಒಡನಾಟಕ್ಕಿಂತ ಬೆಕ್ಕು ತಾನಾಗಿ ಬಂದು ಶುರು ಮಾಡಿದ್ದು ಜಾಸ್ತಿ ಹೊತ್ತು ನಡೆಯುತ್ತದೆ. ಮನೆಗೆ ಬಂದ ನೆಂಟರಲ್ಲಿ ಬೆಕ್ಕೆಂದರೆ ಆಗದವರ ತೊಡೆಯ ಮೇಲೇ ಅದು ಹೋಗಿ ಕೂರುವುದನ್ನು ನೋಡಿದ್ದೀರಲ್ವಾ? ಅವರು ದಿಟ್ಟಿಸಿ ನೋಡುವುದಿಲ್ಲ, ಕೈ ಚಾಚುವುದಿಲ್ಲ, ಕರೆಯುವುದಿಲ್ಲ. ಬೆಕ್ಕಿಗೆ ಬೇಕಾದದ್ದು ಅದೇ.

ಹಾಗಾಗಿ ನೆಲದ ಮೇಲೋ ಸೋಫಾದಲ್ಲೋ ಸುಮ್ನೆ ಕೂತುಕೊಳ್ಳಿ. ಬೆಕ್ಕು ಹತ್ತಿರ ಬಂದಾಗ ಒಂದು ಬೆರಳನ್ನು ಅದರ ಮೂಗಿನ ಎತ್ತರಕ್ಕೆ, ಸ್ವಲ್ಪ ದೂರದಲ್ಲೇ ಹಿಡಿಯಿರಿ. ಮೂಸಿ ನೋಡಲಿ. ಮೂಸಿದ ಮೇಲೆ ಕೆನ್ನೆಯನ್ನು ಬೆರಳಿಗೆ ಒತ್ತಿದರೆ ಮುಂದುವರಿಯಬಹುದು. ಮೂಸಿ ಮುಖ ತಿರುಗಿಸಿದರೆ ಅಷ್ಟಕ್ಕೇ ಬಿಡಿ. ಕಣ್ಣಿನ ವಿಷಯವೂ ಇದೆ. 2020ರಲ್ಲಿ ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು, ನಿಧಾನವಾಗಿ ಕಣ್ಣು ಅರ್ಧ ಮುಚ್ಚಿ ತೆರೆಯುವವರ ಹತ್ತಿರ ಬೆಕ್ಕುಗಳು ಬರುವುದು ಜಾಸ್ತಿ ಅಂತ ಕಂಡುಕೊಂಡರು. ಮನೆಯಲ್ಲೇ ಮಾಡಿ ನೋಡಿ, ಖರ್ಚೇನಿಲ್ಲ. ಬೆಕ್ಕೂ ಹಾಗೇ ಕಣ್ಣು ಕಿರಿದು ಮಾಡಿ ನೋಡುವುದುಂಟು.

ಹಂತ 3: ಎತ್ತುವುದಕ್ಕೆ ಮೊದಲು ಮುಟ್ಟುವುದನ್ನು ಕಲಿಯಿರಿ

ಎಲ್ಲಿ ಮುಟ್ಟಿದರೆ ಬೆಕ್ಕಿಗೆ ಹಿತ? ಕೆನ್ನೆ, ಗದ್ದದ ಕೆಳಗೆ, ಕಿವಿಯ ಬುಡ, ಕಣ್ಣು ಕಿವಿ ನಡುವಿನ ಕೂದಲು ತೆಳುವಾಗಿರುವ ಜಾಗ. ಇಲ್ಲೆಲ್ಲ ವಾಸನೆಯ ಗ್ರಂಥಿಗಳಿವೆ. ಬಾಗಿಲ ಅಂಚಿಗೆ, ಕುರ್ಚಿಯ ಕಾಲಿಗೆ ಅದು ತಾನೇ ಉಜ್ಜುವುದು ಈ ಜಾಗಗಳನ್ನೇ. ಬಾಲದ ಬುಡ, ಹೊಟ್ಟೆ, ಪಾದ ಬಹುತೇಕ ಬೆಕ್ಕುಗಳಿಗೆ ಇಷ್ಟವಿಲ್ಲ. ಬಾಲದ ಬುಡ ಕೆರೆದರೆ ಸೊಂಟ ಎತ್ತಿ ಕೊಡುವ ಬೆಕ್ಕುಗಳಿವೆ, ಇಲ್ಲ ಅನ್ನಲ್ಲ. ಆದರೆ ಅದೇ ಬೆಕ್ಕು ಸ್ವಲ್ಪ ಹೊತ್ತಿನಲ್ಲೇ ತಿರುಗಿ ಕಚ್ಚುವುದೂ ಉಂಟು.

ಹೊಟ್ಟೆ ಮೇಲೆ ಮಾಡಿ ಮಲಗಿದರೆ "ಬಾ, ಸವರು" ಅಂತ ಕರೆಯುತ್ತಿದೆ ಅಂದುಕೊಳ್ಳಬೇಡಿ. ನೀನು ಹತ್ತಿರ ಇದ್ದರೂ ನನಗೆ ಭಯವಿಲ್ಲ, ಅಷ್ಟೇ ಅದರ ಮಾತು. ಅಲ್ಲಿಗೆ ಕೈ ಹಾಕಿದರೆ ನಾಲ್ಕೂ ಕಾಲು ಸೇರಿ ಕೈಯನ್ನು ಹಿಡಿಯುತ್ತವೆ, ಹಿಂಗಾಲು ಒದೆಯುತ್ತವೆ. ಆಗ ಕೈ ಎಳೆದುಕೊಳ್ಳಬೇಡಿ, ಎಳೆದರೆ ಉಗುರು ಇನ್ನೂ ಆಳಕ್ಕೆ ಇಳಿಯುತ್ತದೆ. ಅಲ್ಲಾಡದೆ ಇದ್ದರೆ ಅದೇ ಬಿಡುತ್ತದೆ.

ಸವರುವಾಗ ಒಂದು ಅಭ್ಯಾಸ ಇಟ್ಟುಕೊಳ್ಳಿ. ಕೆಲವು ಸೆಕೆಂಡು ಸವರಿ ಕೈ ನಿಲ್ಲಿಸಿ. ಬೆಕ್ಕು ತಲೆ ಚಾಚಿ ಕೈಗೆ ಒತ್ತಿದರೆ ಮತ್ತೆ ಸವರಿ. ಒತ್ತದೆ ಕೂತಿದ್ದರೆ ಅಥವಾ ಮೈ ನೆಕ್ಕಿಕೊಳ್ಳಲು ತಿರುಗಿದರೆ ಅವತ್ತಿಗೆ ಮುಗಿಯಿತು. ಇದು ಕೇಳಲಿಕ್ಕೆ ಸಣ್ಣದು, ಮಾಡಲಿಕ್ಕೆ ಕಷ್ಟ, ಯಾಕೆಂದರೆ ಕೈ ನಿಲ್ಲುವುದೇ ಇಲ್ಲ. ಅದರಲ್ಲೂ "ನನಗೆ ಬೆಕ್ಕುಗಳ ಬಗ್ಗೆ ಎಲ್ಲ ಗೊತ್ತು" ಅನ್ನುವವರದು. 2022ರಲ್ಲಿ ಲಾರೆನ್ ಫಿಂಕಾ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನದಲ್ಲಿ, ತಮಗೆ ಬೆಕ್ಕಿನ ಜ್ಞಾನ ಚೆನ್ನಾಗಿದೆ ಅಂತ ಹೇಳಿಕೊಂಡವರೇ ಬೆಕ್ಕಿಗೆ ಇಷ್ಟವಾಗದ ಜಾಗಗಳನ್ನು ಜಾಸ್ತಿ ಮುಟ್ಟಿದ್ದರು. ವರ್ಷಗಟ್ಟಲೆ ಬೆಕ್ಕು ಸಾಕಿದವರು ಈ ಹಂತವನ್ನು ಹಾರಿಸದೆ ಮಾಡಿ ಅಂತ ಅದಕ್ಕೇ ಹೇಳುವುದು.

ಹಂತ 4: ಅದರ ಮೈ ಏನು ಹೇಳುತ್ತಿದೆ ಅಂತ ಓದಿ

"ಏಕಾಏಕಿ ಕಚ್ಚಿಬಿಟ್ಟಿತು" ಅನ್ನುವ ದೂರು ತುಂಬ ಕೇಳುತ್ತೇವೆ. ಏಕಾಏಕಿ ಕಚ್ಚುವ ಬೆಕ್ಕು ಅಪರೂಪ. ಕಚ್ಚುವುದಕ್ಕೆ ಮೊದಲು ಅದು ನಾಲ್ಕೈದು ಸಲ ಹೇಳಿರುತ್ತದೆ, ನಮಗೆ ಕಂಡಿರುವುದಿಲ್ಲ.

ತೊಡೆಯ ಮೇಲೆ ಕೂತ ಬೆಕ್ಕನ್ನೇ ತೆಗೆದುಕೊಳ್ಳಿ. ಮೊದಲು ಬಾಲದ ತುದಿ, ಬರೀ ತುದಿ, ಒಮ್ಮೆ ಕುಣಿಯುತ್ತದೆ. ಆಮೇಲೆ ಒಂದು ಕಿವಿ ಹೊರಗೆ ತಿರುಗುತ್ತದೆ, ಇನ್ನೊಂದು ಇನ್ನೂ ಮುಂದೆಯೇ ಇರುತ್ತದೆ. ಗುರ್ ಗುರ್ ಸದ್ದು ನಿಲ್ಲುತ್ತದೆ, ಟಿವಿ ಓಡುತ್ತಿದ್ದರೆ ಅದು ನಿಂತದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಬೆನ್ನಿನ ಚರ್ಮ ಸೊಂಟದ ಹತ್ತಿರ ಅಲೆಯಾಗಿ ಅದುರುತ್ತದೆ. ತಲೆ ತಟ್ಟನೆ ನಿಮ್ಮ ಕೈ ಕಡೆ ತಿರುಗಿ ಅಲ್ಲೇ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಬಾಲ ಪೂರ್ತಿ ಆ ಕಡೆ ಈ ಕಡೆ ಬಡಿಯುತ್ತಿರುತ್ತದೆ, ಕಣ್ಣಿನ ಪಾಪೆ ಅಗಲವಾಗಿರುತ್ತದೆ, ಕಿವಿಗಳು ಪಕ್ಕಕ್ಕೆ ಚಪ್ಪಟೆಯಾಗಿರುತ್ತವೆ. ಮುಂದಿನದು ಹಲ್ಲು. ಈ ಸಾಲಿನಲ್ಲಿ ಮೊದಲ ಎರಡರಲ್ಲೇ ಕೈ ತೆಗೆದರೆ ನಿಮಗೆ ಕಚ್ಚುವ ಬೆಕ್ಕು ಅನ್ನುವುದೇ ಇರುವುದಿಲ್ಲ.

ಕೈಯಲ್ಲಿ ಎತ್ತಿಕೊಂಡಾಗ ಇನ್ನೂ ಕೆಲವು ಸೇರಿಕೊಳ್ಳುತ್ತವೆ: ಮುಂಗಾಲನ್ನು ನಿಮ್ಮ ಎದೆಗೆ ಒತ್ತಿ ದೂರ ತಳ್ಳುವುದು, ಮೈ ಪೆಡಸಾಗುವುದು, ಕುತ್ತಿಗೆ ಚಾಚಿ ನೆಲವನ್ನೇ ನೋಡುವುದು, ಪದೇ ಪದೇ ತುಟಿ ನೆಕ್ಕುವುದು, ಸಣ್ಣ ದನಿಯಲ್ಲಿ ಕೊರಗುವುದು. ಇಷ್ಟವಾದರೆ ಮೈಯ ಭಾರ ಪೂರ್ತಿ ನಿಮ್ಮ ಕೈ ಮೇಲೆ ಬೀಳುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ, ಗದ್ದವನ್ನು ತೋಳಿನ ಮೇಲೆ ಇಡುತ್ತದೆ, ಪಂಜಗಳು ನಿಧಾನ ಅರಳಿ ಮುದುಡುತ್ತವೆ.

ಇವೆರಡರ ನಡುವೆ ಒಂದು ಸ್ಥಿತಿಯಿದೆ, ಮೋಸ ಹೋಗುವುದು ಅಲ್ಲೇ. ಬೆಕ್ಕು ಕೊಸರುವುದಿಲ್ಲ, ಕಚ್ಚುವುದಿಲ್ಲ, ಸುಮ್ಮನೆ ಇರುತ್ತದೆ. ಖುಷಿಯಾಗಿದೆ ಅಂತ ನಾವು ಅಂದುಕೊಳ್ಳುತ್ತೇವೆ. 2013ರಲ್ಲಿ ಬ್ರೆಜಿಲ್ ಮತ್ತು ಬ್ರಿಟನ್ನಿನ ಸಂಶೋಧಕರು ಬೆಕ್ಕುಗಳ ಮಲದಲ್ಲಿ ಒತ್ತಡದ ಹಾರ್ಮೋನಿನ ಗುರುತನ್ನು ಅಳೆದಾಗ, ಮುದ್ದು ಇಷ್ಟಪಡದ ಬೆಕ್ಕುಗಳಿಗಿಂತ ಅದನ್ನು ಸಹಿಸಿಕೊಳ್ಳುವ ಬೆಕ್ಕುಗಳಲ್ಲೇ ಅದು ಜಾಸ್ತಿ ಇತ್ತು. ಇಷ್ಟವಿಲ್ಲದ್ದು ಎದ್ದು ಹೋಗುತ್ತದೆ, ಅದರ ಪಾಡಿಗೆ ನೆಮ್ಮದಿ. ಸಹಿಸಿಕೊಳ್ಳುವುದು ಸಿಕ್ಕಿಹಾಕಿಕೊಳ್ಳುತ್ತದೆ. ಈ ಸುದ್ದಿಯನ್ನು ಕೆಲವರು "ಮುದ್ದು ಮಾಡಿದರೆ ಬೆಕ್ಕಿಗೆ ಒತ್ತಡ" ಅಂತ ತಿರುಚಿ ಹರಡಿದರು, ಅಧ್ಯಯನ ಹಾಗೆ ಹೇಳಿಲ್ಲ.

ಗುರ್ ಗುರ್ ಸದ್ದನ್ನೂ ಪೂರ್ತಿ ನಂಬಬೇಡಿ. ಹಿತವಾದಾಗ ಗುರ್‌ಗುಟ್ಟುವುದು ನಿಜ, ನೋವಿನಲ್ಲಿ, ಭಯದಲ್ಲಿ, ಹೆರುವಾಗಲೂ ಗುರ್‌ಗುಟ್ಟುತ್ತದೆ. ಸದ್ದಿನ ಜೊತೆ ಮೈ ಸಡಿಲವಾಗಿದೆಯಾ ನೋಡಿ.

ಹಂತ 5: ಅರ್ಧ ಎತ್ತಿ ಬಿಡುವ ಅಭ್ಯಾಸ

ಈಗ ಎತ್ತುವುದಕ್ಕೆ ಬರೋಣ. ಒಂದೇ ಸಲ ಎತ್ತಬೇಡಿ. ಬೆಕ್ಕು ಊಟ ಮಾಡಿ, ಆಡಿ, ಸ್ವಲ್ಪ ಮೆತ್ತಗಾಗಿರುವ ಹೊತ್ತು ಆರಿಸಿಕೊಳ್ಳಿ. ಗಾಢ ನಿದ್ದೆಯಲ್ಲಿ ಬೇಡ, ಕಿಟಕಿಯಲ್ಲಿ ಹಕ್ಕಿ ನೋಡುತ್ತಿರುವಾಗ ಬೇಡ, ಊಟದ ತಟ್ಟೆ ಮುಂದಿದ್ದಾಗ ಬೇಡ, ಮಲದ ಡಬ್ಬಿಯಲ್ಲಿದ್ದಾಗಂತೂ ಬೇಡವೇ ಬೇಡ.

ಮೊದಲ ಕೆಲವು ದಿನ ಎರಡೂ ಕೈಯನ್ನು ಎತ್ತುವ ಜಾಗದಲ್ಲಿ, ಅಂದರೆ ಒಂದನ್ನು ಎದೆಯ ಕೆಳಗೆ ಒಂದನ್ನು ಹಿಂಭಾಗದ ಕೆಳಗೆ, ಇಟ್ಟು ತೆಗೆಯಿರಿ. ತೆಗೆದ ತಕ್ಷಣ ಅದಕ್ಕಿಷ್ಟವಾದ ತಿನಿಸಿನ ಚಿಕ್ಕ ಚೂರು ಕೊಡಿ. ಅದು ಕೈ ನೋಡಿ ಹಿಂದೆ ಸರಿಯುವುದು ನಿಂತ ಮೇಲೆ, ಮೈಯ ಭಾರ ಸ್ವಲ್ಪ ಹಗುರವಾಗುವಷ್ಟು ಮಾತ್ರ ಮೇಲೆತ್ತಿ, ಪಾದ ನೆಲದಲ್ಲೇ ಇರಲಿ. ಆಮೇಲೆ ಪಾದ ಒಂದು ಕ್ಷಣ ನೆಲ ಬಿಡಲಿ. ಆಮೇಲೆ ಮೊಣಕಾಲೆತ್ತರ. ಪ್ರತಿ ಸಲವೂ ಎತ್ತುವ ಮೊದಲು ಒಂದೇ ಮಾತು ಹೇಳಿ. "ಬಾ ಪುಟ್ಟ" ಅನ್ನಿ, "ಎತ್ಲಾ?" ಅನ್ನಿ, ಏನಾದರೂ ಸರಿ, ಆದರೆ ದಿನಾ ಅದೇ ಇರಲಿ. ಏನಾಗಲಿದೆ ಅಂತ ಮುಂಚೆಯೇ ಗೊತ್ತಾದರೆ ಬೆಕ್ಕು ಬೆಚ್ಚುವುದಿಲ್ಲ. ಬರುಬರುತ್ತಾ ಆ ಮಾತು ಕೇಳಿ ಅದು ಎದ್ದು ಹೋಗುವುದೂ ಉಂಟು. ಹೋದರೆ ಹೋಗಲಿ. ಬೇಡ ಅಂತ ಇಷ್ಟು ಸ್ಪಷ್ಟವಾಗಿ ಹೇಳಿದ್ದು ಒಳ್ಳೆಯದೇ, ಉಗುರು ಬಳಸಿ ಹೇಳಲಿಲ್ಲವಲ್ಲ.

ಮರಿಗೆ ಇದೆಲ್ಲ ಕೆಲವೇ ದಿನದ ಕೆಲಸ. ದೊಡ್ಡ ಬೆಕ್ಕಿಗೆ ವಾರಗಳೇ ಹಿಡಿಯಬಹುದು. ಹೊಸದಾಗಿ ಮನೆಗೆ ಬಂದದ್ದಾದರೆ ಶುರು ಮಾಡುವುದಕ್ಕೇ ಅವಸರ ಬೇಡ, ಮೊದಲು ಅದು ಮನೆಗೆ ಒಗ್ಗಲಿ.

ಹಂತ 6: ಸರಿಯಾಗಿ ಎತ್ತುವ ರೀತಿ

ಮೇಲಿನಿಂದ ಬಗ್ಗಿ ಕೈ ಹಾಕಬೇಡಿ, ಹಿಂದಿನಿಂದಲೂ ಬೇಡ. ಪಕ್ಕಕ್ಕೆ ಕೂತು ಅಥವಾ ಮಂಡಿಯೂರಿ ಎತ್ತಿ. ಒಂದು ಕೈ ಮುಂಗಾಲುಗಳ ಹಿಂದೆ, ಎದೆಯ ಕೆಳಗೆ. ಇನ್ನೊಂದು ಕೈ ಹಿಂಗಾಲು ಮತ್ತು ಪೃಷ್ಠದ ಕೆಳಗೆ. ಎರಡೂ ಒಟ್ಟಿಗೆ ಮೇಲೆ ಬರಲಿ, ತಕ್ಷಣ ಬೆಕ್ಕಿನ ಪಕ್ಕೆ ನಿಮ್ಮ ಮೈಗೆ ತಾಗಲಿ. ಹಿಂಗಾಲಿಗೆ ಆಸರೆ ಇಲ್ಲದಿರುವುದೇ ಅರ್ಧಕ್ಕಿಂತ ಜಾಸ್ತಿ ಕೊಸರಾಟಕ್ಕೆ ಕಾರಣ ಅಂತ ನನ್ನ ಅಭಿಪ್ರಾಯ. ಕಂಕುಳಿಗೆ ಕೈ ಹಾಕಿ ಉದ್ದಕ್ಕೆ ಜೋತು ಹಾಕಿದ ಬೆಕ್ಕಿನ ಹಿಂಗಾಲು ಗಾಳಿಯಲ್ಲಿ ಏನನ್ನೋ ಹುಡುಕುತ್ತಾ ತುಳಿಯುತ್ತಿರುತ್ತದೆ ನೋಡಿ, ಅಂಗೈ ಕೊಟ್ಟರೆ ನಿಲ್ಲುತ್ತದೆ.

ಮುಂಗಾಲು ಹಿಡಿದು ಎಳೆದು ಎತ್ತುವುದಂತೂ ಸಲ್ಲದು. ಬೆಕ್ಕಿನ ಕೊರಳೆಲುಬು ತೀರ ಚಿಕ್ಕದು, ಬೇರೆ ಎಲುಬುಗಳಿಗೆ ಕೂಡಿಕೊಂಡಿಲ್ಲ. ಮುಂಗಾಲು ಮೈಗೆ ಅಂಟಿಕೊಂಡಿರುವುದು ಮಾಂಸಖಂಡಗಳ ಬಲದಿಂದಲೇ. ಇಡೀ ಭಾರ ಅಲ್ಲಿ ಬಿದ್ದರೆ ನೋವಾಗದೆ ಇರುತ್ತದಾ?

ಕತ್ತಿನ ಹಿಂದಿನ ಚರ್ಮ ಹಿಡಿದು ಎತ್ತುವುದು? "ತಾಯಿ ಹಾಗೇ ಎತ್ತುತ್ತದಲ್ಲ" ಅನ್ನುತ್ತಾರೆ. ತಾಯಿ ಎತ್ತುವುದು ಎಳೆಯ ಮರಿಯನ್ನು, ಜಾಗ ಬದಲಿಸಲಿಕ್ಕೆ. ಬೆಳೆದ ಬೆಕ್ಕಿನ ಭಾರಕ್ಕೆ ಅದು ತಕ್ಕದ್ದಲ್ಲ. ಹಾಗೆ ಹಿಡಿದಾಗ ಅಲ್ಲಾಡದೆ ನಿಲ್ಲುವ ಬೆಕ್ಕು ಹೆದರಿ ಸೆಟೆದಿರಬಹುದು.

ಹಿಡಿದುಕೊಳ್ಳುವ ಭಂಗಿಗಳಲ್ಲಿ ನನಗೆ ಸರಿ ಅನ್ನಿಸುವುದು ಎರಡು. ಒಂದು, ಬೆಕ್ಕು ನಿಮ್ಮ ಮುಂದೋಳಿನ ಮೇಲೆ ನೆಲದ ಮೇಲೆ ಕೂತ ಹಾಗೆಯೇ ಕೂತಿರುವುದು, ನಾಲ್ಕೂ ಪಾದಕ್ಕೆ ಆಸರೆ, ಮುಖ ಹೊರಗೆ, ಇನ್ನೊಂದು ಕೈ ಎದೆಯ ಮುಂದೆ ಸಡಿಲವಾಗಿ. ಇನ್ನೊಂದು, ಮುಂಗಾಲುಗಳು ನಿಮ್ಮ ಹೆಗಲ ಮೇಲೆ, ಪೃಷ್ಠ ನಿಮ್ಮ ಕೈ ಮೇಲೆ, ಅದು ಹಿಂದೆ ನೋಡಿಕೊಂಡು ಇರುವುದು. ಎತ್ತರದಿಂದ ಸುತ್ತ ನೋಡಲು ಸಿಗುವುದರಿಂದ ಕುತೂಹಲದ ಬೆಕ್ಕುಗಳು ಇದಕ್ಕೆ ಬೇಗ ಒಗ್ಗುತ್ತವೆ. ಮಗುವನ್ನು ಮಲಗಿಸುವ ಹಾಗೆ ಅಂಗಾತ ಮಾಡಿಕೊಂಡರೆ ಫೋಟೋಗೆ ಚೆಂದ, ಆದರೆ ಹೊಟ್ಟೆ ತೆರೆದು ಕಾಲು ಮೇಲಾದ ಬೆಕ್ಕಿಗೆ ಜಿಗಿಯಲು ದಾರಿಯೇ ಇಲ್ಲ. ತಾನಾಗಿ ಹಾಗೆ ಹೊರಳುವ ಬೆಕ್ಕಿದ್ದರೆ ಸರಿ, ನೀವಾಗಿ ಹೊರಳಿಸಬೇಡಿ. ಮುಖಕ್ಕೆ ಮುಖ ತಂದು ಮುತ್ತು ಕೊಡುವುದನ್ನೂ ಬೆಕ್ಕು ಪೂರ್ತಿ ಒಗ್ಗಿದ ಮೇಲೆ ನೋಡಿಕೊಳ್ಳಿ, ಅವಸರ ಮಾಡಿದರೆ ಗೀರು ಬೀಳುವುದು ಕಣ್ಣಿನ ಹತ್ತಿರ.

ಹಂತ 7: ಇಳಿಸುವುದು

ಎತ್ತುವುದಕ್ಕಿಂತ ಇದೇ ಮುಖ್ಯ. ಬೆಕ್ಕು ಇಳಿಯಬೇಕು ಅನ್ನುವ ಮೊದಲ ಸೂಚನೆ ಕೊಟ್ಟಾಗಲೇ ಇಳಿಸಿ. ಅದಕ್ಕೂ ಮೊದಲೇ, ಅದು ಇನ್ನೂ ಆರಾಮಾಗಿರುವಾಗಲೇ ಇಳಿಸಿದರೆ ಇನ್ನೂ ಉತ್ತಮ. ಕೊಸರಿದಾಗ ಗಟ್ಟಿಯಾಗಿ ಹಿಡಿದರೆ ಮುಂದಿನ ಸಲ ಅದು ಇನ್ನೂ ಬೇಗ, ಇನ್ನೂ ಜೋರಾಗಿ ಕೊಸರುತ್ತದೆ, ಯಾಕೆಂದರೆ ಮೆಲ್ಲಗೆ ಹೇಳಿದ್ದು ಕೆಲಸ ಮಾಡಲಿಲ್ಲ. ಹಾಗಂತ ಕೈಯಿಂದ ಬೀಳಿಸಬೇಡಿ. ಬೆಕ್ಕು ಹೇಗೂ ಕಾಲ ಮೇಲೇ ಬೀಳುತ್ತದೆ ಅನ್ನುವ ಧೈರ್ಯ ಬೇಡ. ಬಗ್ಗಿ, ನಾಲ್ಕೂ ಪಾದ ನೆಲಕ್ಕೋ ಸೋಫಾಕ್ಕೋ ತಾಗಿದ ಮೇಲೆ ಕೈ ಬಿಡಿ. ಆಮೇಲೆ ಒಂದು ಚೂರು ತಿನಿಸು ಕೊಡಿ. ಇಳಿದ ಮೇಲೂ ನಿಮ್ಮ ಪಕ್ಕದಲ್ಲೇ ನಿಂತು ಕಾಲಿಗೆ ಉಜ್ಜಿದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಅಂತ ಲೆಕ್ಕ. ಇಳಿದು ಓಡಿ ಮಂಚದ ಕೆಳಗೆ ಹೋದರೆ ಎರಡು ಹೆಜ್ಜೆ ಹಿಂದೆ ಹೋಗಿ, ಮತ್ತೆ ಅರ್ಧ ಎತ್ತುವುದರಿಂದ ಶುರು ಮಾಡಿ.

ಮಕ್ಕಳಿದ್ದರೆ

ಸಣ್ಣ ಮಕ್ಕಳು ನಿಂತುಕೊಂಡು ಬೆಕ್ಕನ್ನು ಎತ್ತುವುದು ಬೇಡ. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂರಲಿ, ಬೆಕ್ಕು ತಾನಾಗಿ ಬಂದು ತೊಡೆ ಹತ್ತಿದರೆ ಒಂದೇ ಕೈಯಲ್ಲಿ ಕೆನ್ನೆ ಸವರಲಿ. ಎರಡೂ ಕೈ ಕೊಟ್ಟರೆ ತಬ್ಬುತ್ತಾರೆ. ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು.

ಇದ್ದಕ್ಕಿದ್ದಂತೆ ಬೇಡ ಅಂದರೆ

ಇಷ್ಟು ದಿನ ಎತ್ತಿಸಿಕೊಳ್ಳುತ್ತಿದ್ದ ಬೆಕ್ಕು ಈಗ ಎತ್ತಿದರೆ ಗುರುಗುಟ್ಟಿ ಹೆದರಿಸುತ್ತದೆ ಅಂದರೆ ಸಿಟ್ಟು, ಹಟ ಅಂತ ಬಿಡಬೇಡಿ. ನೋವಿರಬಹುದು. 12 ವರ್ಷ ದಾಟಿದ ಬೆಕ್ಕುಗಳ ಎಕ್ಸ್‌ರೇ ನೋಡಿದ 2002ರ ಒಂದು ಅಧ್ಯಯನದಲ್ಲಿ 90% ಬೆಕ್ಕುಗಳಲ್ಲಿ ಕೀಲು ಅಥವಾ ಬೆನ್ನೆಲುಬಿನ ಸವೆತ ಕಂಡಿತ್ತು. ಅವುಗಳ ಮಾಲೀಕರಲ್ಲಿ ಬಹಳ ಜನರಿಗೆ ಅದು ಗೊತ್ತೇ ಆಗಿರುವುದಿಲ್ಲ, ಯಾಕೆಂದರೆ ಬೆಕ್ಕು ಕುಂಟುವುದು ಕಡಿಮೆ. ಎತ್ತರಕ್ಕೆ ಹಾರುವುದನ್ನು ಬಿಡುತ್ತದೆ, ಬೆನ್ನು ನೆಕ್ಕಿಕೊಳ್ಳುವುದನ್ನು ಬಿಡುತ್ತದೆ, ಎತ್ತಿದರೆ ರೇಗುತ್ತದೆ, ಅಷ್ಟೇ. ಹಲ್ಲುನೋವು, ಗಾಯ, ಮೂತ್ರದ ತೊಂದರೆಯಲ್ಲೂ ಹೀಗೇ. ಮುಖವನ್ನೂ ಗಮನಿಸಿ: ಕಿವಿ ಹೊರಗೆ ತಿರುಗಿ ಚಪ್ಪಟೆಯಾಗಿರುವುದು, ಕಣ್ಣು ಕಿರಿದಾಗಿರುವುದು, ಮೂತಿ ಬಿಗಿದಿರುವುದು, ಮೀಸೆ ನೆಟ್ಟಗೆ ಸೆಟೆದಿರುವುದು, ತಲೆ ಭುಜಕ್ಕಿಂತ ಕೆಳಗಿರುವುದು. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ನೋವನ್ನು ಅಳೆಯಲು ಆರಿಸಿಕೊಂಡ ಐದು ಗುರುತುಗಳು ಇವೇ. ಪಶುವೈದ್ಯರಿಗೆ ತೋರಿಸಿ. ಮನುಷ್ಯರ ನೋವಿನ ಮಾತ್ರೆಯನ್ನು ಮಾತ್ರ ಕೊಡಬೇಡಿ, ಒಂದೇ ಪ್ಯಾರಸಿಟಮಾಲ್ ಬೆಕ್ಕಿನ ಜೀವ ತೆಗೆಯಬಹುದು.

ಕಚ್ಚಿದರೆ, ಪರಚಿದರೆ

ಬೆಕ್ಕಿನ ಹಲ್ಲು ಸೂಜಿಮೊನೆಯದು. ಹೊರಗೆ ಚುಕ್ಕಿಯಷ್ಟು ಗಾಯ, ಒಳಗೆ ಆಳ, ರೋಗಾಣು ಒಳಗೇ ಉಳಿದು ಕೀವಾಗುವುದು ಜಾಸ್ತಿ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅವತ್ತೇ ವೈದ್ಯರನ್ನು ನೋಡಿ, ರೇಬೀಸ್ ಲಸಿಕೆ ಬೇಕಾ ಅಂತ ಕೇಳಿ. ಬೆಕ್ಕನ್ನು ಹೊಡೆಯಬೇಡಿ. ಹೊಡೆತದಿಂದ ಅದು ಕಲಿಯುವುದು ನಿಮ್ಮ ಕೈಗೆ ಹೆದರುವುದನ್ನು ಮಾತ್ರ.

ಇಷ್ಟವಿಲ್ಲದಿದ್ದರೂ ಹಿಡಿಯಲೇಬೇಕಾದಾಗ

ಔಷಧಿ ಹಾಕಬೇಕು, ಉಗುರು ಕತ್ತರಿಸಬೇಕು, ಆಸ್ಪತ್ರೆಗೆ ಒಯ್ಯಬೇಕು. ಇಲ್ಲಿ ಬೆಕ್ಕನ್ನು ಕೇಳಿ ಮಾಡಲು ಆಗುವುದಿಲ್ಲ. ಆಗಲೂ ಬಲ ಕಡಿಮೆ ಬಳಸಿದಷ್ಟೂ ಕೆಲಸ ಸಲೀಸು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು 2018ರಲ್ಲಿ ಎರಡು ರೀತಿ ಹಿಡಿದು ಹೋಲಿಸಿದರು. ಇಡೀ ಮೈ ಅದುಮಿ ಹಿಡಿದಾಗ ಬೆಕ್ಕುಗಳು ಜಾಸ್ತಿ ಸೆಣಸಿದವು, ಸಡಿಲವಾಗಿ ಹಿಡಿದಾಗ ಕಡಿಮೆ. ಒಂದು ದಪ್ಪ ಟವೆಲ್ ಹಾಸಿ ಅದರ ಮೇಲೆ ಬೆಕ್ಕನ್ನು ಕೂರಿಸಿ, ತಲೆ ಮಾತ್ರ ಹೊರಗೆ ಇರುವಂತೆ ಎರಡೂ ಕಡೆಯಿಂದ ಸುತ್ತಿ. ಉಸಿರಾಡಲು ಜಾಗವಿರಲಿ. ಟವೆಲನ್ನು ಬೇರೆ ದಿನಗಳಲ್ಲೂ ಅದು ಮಲಗುವ ಜಾಗದಲ್ಲಿ ಹಾಕಿಟ್ಟಿದ್ದರೆ ಅದರದೇ ವಾಸನೆ ಇರುತ್ತದೆ, ಹೆದರಿಕೆ ಕಡಿಮೆ. ಒಯ್ಯುವ ಪೆಟ್ಟಿಗೆಯನ್ನೂ ಹಾಗೆಯೇ ಬಾಗಿಲು ತೆರೆದು ಮನೆಯಲ್ಲೇ ಇಟ್ಟಿರಿ.

ಇನ್ನೊಂದು ಮಾತು: ಮುದ್ದಿಗೆ ಎತ್ತುವಾಗ ಹೇಳುವ ಮಾತನ್ನು ಔಷಧಿಗೆ ಹಿಡಿಯುವಾಗ ಬಳಸಬೇಡಿ. ಅದಕ್ಕೆ ಬೇರೆ ಮಾತು ಇಟ್ಟುಕೊಳ್ಳಿ, ಜಾಗವೂ ಬೇರೆ ಇರಲಿ, ಸೋಫಾ ಬೇಡ. ಕೆಲಸ ಮುಗಿದ ಮೇಲೆ ಬಿಟ್ಟುಬಿಡಿ, ಸಮಾಧಾನ ಮಾಡಲು ಅಂತ ಮತ್ತೆ ಎತ್ತಲು ಹೋಗಬೇಡಿ. ಸ್ವಲ್ಪ ಹೊತ್ತಾದ ಮೇಲೆ ಅದಾಗಿ ಹತ್ತಿರ ಬಂದರೆ ಗದ್ದ ಕೆರೆಯಿರಿ, ಅವತ್ತಿಗೆ ಅಷ್ಟು ಸಾಕು.